ಬಿಟ್ಟುಬಂದ ಕೂಸು: ಗ್ರೀಕ್ ಮತ್ತು ರೋಮನ್ ಪುರಾಣಗಳ ಒಂದು ಕಥಾಸೂತ್ರ

ಅರಸನೊಬ್ಬನಿಗೆ ಮಗನಿಂದಲೋ ಮೊಮ್ಮಗನಿಂದಲೋ ಸಾವು ಎಂದು ದೈವವಾಣಿಯಾಗುತ್ತದೆ. ಕೂಸನ್ನು ಕಾಡಿಗೋ ನೀರಿಗೋ ಬಿಡಿಸುತ್ತಾನೆ. ಅದು ಬದುಕಿ ಬೆಳೆದು ಆ ಮಾತನ್ನೇ ನಿಜ ಮಾಡುತ್ತದೆ. ಗ್ರೀಕ್ ಪುರಾಣಗಳಲ್ಲಿ ಮತ್ತೆ ಮತ್ತೆ ಬರುವ ಈ ಸೂತ್ರವನ್ನು ರೋಮನ್ನರು ತಮ್ಮ ನಗರದ ಹುಟ್ಟಿಗೇ ಹೊಂದಿಸಿಕೊಂಡರು.

ಹೆಸರಾಂತ ಉದಾಹರಣೆ ಈಡಿಪಸ್. ಥೀಬ್ಸಿನ ದೊರೆ ಲೇಯಸ್‌ನ ಈ ಮಗನನ್ನು ಪಾದ ಚುಚ್ಚಿ ಕಟ್ಟಿ, ಕಿಥೈರಾನ್ ಬೆಟ್ಟದಲ್ಲಿ ಬಿಟ್ಟುಬರಲು ಕುರುಬನ ಕೈಗೆ ಕೊಟ್ಟರು. ಕನಿಕರಪಟ್ಟ ಕುರುಬ ಕೂಸನ್ನು ಕಾರಿಂಥಿನ ಕಡೆಯವನೊಬ್ಬನಿಗೆ ಒಪ್ಪಿಸಿದ. ಅಲ್ಲಿನ ಸಾಕುಮನೆಯಲ್ಲಿ ಬೆಳೆದ ಈಡಿಪಸ್ ಡೆಲ್ಫಿಯಲ್ಲಿ ತನ್ನ ಭವಿಷ್ಯ ಕೇಳಿ, ಸಾಕುತಂದೆಯೇ ಹೆತ್ತವನೆಂದು ನಂಬಿದ್ದರಿಂದ ಕಾರಿಂಥಿಗೆ ಮರಳಲಿಲ್ಲ. ಮೂರು ದಾರಿ ಕೂಡುವಲ್ಲಿ ಎದುರಾದ ಮುದುಕನೊಡನೆ ಜಗಳವಾಡಿ ಕೊಂದ. ಆತ ಲೇಯಸ್. ಮನೆಯಲ್ಲೇ ಬೆಳೆಸಿದ್ದರೆ ಒಬ್ಬರಿಗೊಬ್ಬರ ಗುರುತಾದರೂ ಇರುತ್ತಿತ್ತು! ಸಾಫೊಕ್ಲಿಸ್‌ನ ನಾಟಕದಲ್ಲಿ ಗುಟ್ಟು ಹೊರಬೀಳುವುದೂ ಅಂದು ಕನಿಕರಪಟ್ಟ ಅದೇ ಕುರುಬನ ಬಾಯಿಂದ.

ಆರ್ಗಾಸ್‌ನ ಅಕ್ರಿಸಿಯಸ್ ಮಗಳನ್ನೂ ಮೊಮ್ಮಗ ಪರ್ಸಿಯಸ್‌ನನ್ನೂ ಪೆಟ್ಟಿಗೆಯಲ್ಲಿಟ್ಟು ಕಡಲಿಗೆ ಬಿಟ್ಟ. ಮುಂದೆ ಪಂದ್ಯವೊಂದರಲ್ಲಿ ಪರ್ಸಿಯಸ್ ಎಸೆದ ಚಕ್ರ ತಗುಲಿ ಅಜ್ಜ ಸತ್ತ. ಹೀಗೆ ಬಿಟ್ಟುಬಂದ ಕೂಸುಗಳಲ್ಲಿ ಟ್ರಾಯ್‌ನ ಪ್ಯಾರಿಸ್‌ಗೆ ಇಡಾ ಬೆಟ್ಟದ ಕರಡಿ ಹಾಲೂಡಿಸಿತು, ಟೆಲಿಫಸ್‌ಗೆ ಜಿಂಕೆ.

ನೇರವಾಗಿ ಕೊಲ್ಲದೆ ಬಿಟ್ಟುಬರುವುದೇಕೆ? ಸ್ವಂತ ರಕ್ತ ಚೆಲ್ಲಿದ ಮೈಲಿಗೆಗೆ ಗ್ರೀಕರು ಅಂಜುತ್ತಿದ್ದರು. ಬಯಲಲ್ಲಿ ಬಿಟ್ಟರೆ ಹೊಣೆ ದೈವದ್ದು. ಬೇಡದ ಕೂಸುಗಳನ್ನು ಹೀಗೆ ಬಿಡುವುದು ಗ್ರೀಸ್, ರೋಮ್ ಎರಡರಲ್ಲೂ ನಿಜವಾಗಿ ನಡೆಯುತ್ತಿತ್ತು. ಗ್ರೀಕ್ ನಾಟಕಕಾರ ಮೆನಾಂಡರ್‌ನ ಹಾಸ್ಯನಾಟಕವೊಂದರಲ್ಲಿ ಕೂಸಿನ ಜೊತೆಗಿದ್ದ ಉಂಗುರದಿಂದ ಹೆತ್ತವರ ಪತ್ತೆಯಾಗುತ್ತದೆ.

ರೋಮನ್ ಕಥೆಯ ಧಾಟಿ ಬೇರೆ. ಅಣ್ಣ ನ್ಯೂಮಿಟರ್‌ನ ಗದ್ದುಗೆ ಕಸಿದ ಅಮ್ಯೂಲಿಯಸ್, ಅಣ್ಣನ ಮಗಳು ರಿಯಾ ಸಿಲ್ವಿಯಾ ಹೆತ್ತ ಅವಳಿಗಳನ್ನು ಟೈಬರ್ ಹೊಳೆಗೆ ಹಾಕಿಸಿದ. ಹೊಳೆ ಉಕ್ಕಿದ್ದರಿಂದ ಆಳುಗಳು ಮುಖ್ಯ ಹರಿವಿನವರೆಗೆ ಹೋಗಲಾರದೆ ದಡದ ನಿಂತ ನೀರಲ್ಲೇ ಬಿಟ್ಟುಬಂದರೆಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಹೆಣ್ಣುತೋಳ ಹಾಲು ಕೊಟ್ಟಿತು, ದನಗಾಹಿ ಫಾಸ್ಟುಲಸ್ ಸಾಕಿದ. ಆ ಅವಳಿಗಳಾದ ರಾಮ್ಯುಲಸ್, ರೀಮಸ್ ಅಮ್ಯೂಲಿಯಸ್‌ನನ್ನು ಕೊಂದದ್ದು ಅರಿಯದೆ ಅಲ್ಲ, ತಿಳಿದೇ. ಅಜ್ಜನಿಗೆ ರಾಜ್ಯ ಮರಳಿಸಿದರು. ಗ್ರೀಕರ ದುರಂತ ಇಲ್ಲಿ ಹಕ್ಕಿನ ವ್ಯಾಜ್ಯವಾಯಿತು. ಆದರೂ ಹೊಸ ನಗರದ ಗೋಡೆಯ ಬಳಿ ರೀಮಸ್ ಅಣ್ಣತಮ್ಮಂದಿರ ಕಲಹದಲ್ಲೇ ಸತ್ತ.

ಮನೋವಿಶ್ಲೇಷಕ ಆಟೊ ರಾಂಕ್ 1909ರಲ್ಲಿ ಇಂಥ ಕಥೆಗಳನ್ನು ಹೋಲಿಸಿದಾಗ ಮಹಾಭಾರತದ ಕರ್ಣನನ್ನೂ ಸೇರಿಸಿದ್ದ. ಲಾರ್ಡ್ ರ‍್ಯಾಗ್ಲನ್ 1936ರಲ್ಲಿ ವೀರನ ಬಾಳಿಗೆ 22 ಲಕ್ಷಣಗಳ ಪಟ್ಟಿ ಕೊಟ್ಟ. ಹೊಳೆ, ಪೆಟ್ಟಿಗೆ, ಸಾಕುಮನೆಗಳು ಹೊಂದಿದರೂ ಕರ್ಣನನ್ನು ನೀರಿಗೆ ಬಿಟ್ಟದ್ದು ಭವಿಷ್ಯಕ್ಕೆ ಹೆದರಿದ ಅರಸನಲ್ಲ, ಲೋಕಾಪವಾದಕ್ಕೆ ಅಂಜಿದ ಕನ್ಯೆ ಕುಂತಿ.