ಗೂಡು ಕಟ್ಟುವ ಕಾಲ ಮತ್ತು ಶ್ರಾವಕ ಧರ್ಮ

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ ಕಡಿಯಾಳಿಯಲ್ಲಿ ಇಂದು ಹಂಚಿನ ಮನೆಗಳ ಮಗ್ಗುಲಲ್ಲೇ ಬಹುಮಹಡಿ ವಸತಿಗಳು ಎದ್ದು ನಿಂತಿವೆ. ತುಳುವರ ಸುಗ್ಗಿ, ಪಗ್ಗು ತಿಂಗಳು ಬಂದೊಡನೆ ಜಗಲಿಯ ಹೂಕುಂಡದಲ್ಲಿ ಪಿಕಳಾರ, ಗೋಡೆಯ ಸಂದಿನಲ್ಲಿ ಗುಬ್ಬಚ್ಚಿ, ಬಾಲ್ಕನಿಯ ಮೂಲೆಯಲ್ಲಿ ಪಾರಿವಾಳ ಗೂಡಿಗೆ ತಾವು ಹುಡುಕುತ್ತವೆ. ಹಿಕ್ಕೆ, ಕಸಕಡ್ಡಿಗಳಿಂದ ಮನೆಯವರಿಗೆ ತೊಂದರೆಯಾಗುವುದು ಸುಳ್ಳಲ್ಲ. ಹಿಂಸೆಯಿಲ್ಲದೆ ಅವನ್ನು ದೂರವಿಡುವುದು ಹೇಗೆಂಬ ಪ್ರಶ್ನೆಗೆ ಜೈನ ಆಚಾರದ ಇತಿಹಾಸದಲ್ಲಿ ಉತ್ತರವುಂಟು. ಅದು ಕಾಲವನ್ನರಿತು ನಡೆಯುವುದು.

ಚಾತುರ್ಮಾಸ್ಯದ ಮೂಲವನ್ನೇ ನೋಡಬಹುದು. ವರ್ಷಕಾಲದಲ್ಲಿ ನೆಲದ ತುಂಬ ಮೊಳಕೆಗಳೂ ಸೂಕ್ಷ್ಮ ಜೀವಿಗಳೂ ಹುಟ್ಟುತ್ತವೆ. ಅವು ಕಾಲಡಿಗೆ ಸಿಕ್ಕಿ ಸಾಯಬಾರದೆಂದು ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಜೀವಿಗಳನ್ನು ದಾರಿಯಿಂದ ನೀಗಿಸುವ ಉಪಾಯವನ್ನು ಅವರು ಹುಡುಕಲಿಲ್ಲ, ತಮ್ಮ ಸಂಚಾರದ ಕಾಲವನ್ನೇ ಬದಲಿಸಿಕೊಂಡರು. ಶತಮಾನಗಳಿಂದ ನಡೆದುಬಂದ ಈ ನಿಯಮದ ಒಂದಂಶವನ್ನು ಗೃಹಸ್ಥನೂ ಪಾಲಿಸಲು ಸಾಧ್ಯ.

ತುಳುನಾಡಿನ ಕಟ್ಟಡಗಳ ಚರಿತ್ರೆಯೂ ಇಲ್ಲಿ ಗಮನಾರ್ಹ. 1586ರಲ್ಲಿ ಇಮ್ಮಡಿ ಭೈರರಸನು ಕಾರ್ಕಳದಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯ ಸುತ್ತಲೂ ಕಲ್ಲುಕಂಬಗಳ ತೆರೆದ ಜಗಲಿಯಿದೆ. ಗಾಳಿ ಬೆಳಕಿಗೆ ತೆರೆದ ಅಂಥ ರಚನೆ ಹಕ್ಕಿಗಳಿಗೂ ತೆರೆದೇ ಇರುತ್ತದೆ. ಜನಸಾಮಾನ್ಯರ ಮನೆಗಳಿಗೆ ಹುಲ್ಲಿನ ಹೊದಿಕೆಯಿತ್ತು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ತರುವಾಯ ಕರಾವಳಿಯಲ್ಲಿ ಹಂಚಿನ ಮಾಡು ಹಬ್ಬಿತು. ಹಂಚಿಗೂ ಪಕ್ಕಾಸಿಗೂ ನಡುವಿನ ಸಂದು ಗುಬ್ಬಚ್ಚಿಗೆ ಮನೆಯಾಯಿತು. ಕಾಂಕ್ರೀಟಿನ ತಾರಸಿ ಬಂದಾಗ ಆ ಸಂದುಗಳು ಹೋದವು. ಅದರ ಅಂಚುಗಳೂ ಬಾಲ್ಕನಿಗಳೂ ಪಾರಿವಾಳಕ್ಕೆ ಒದಗಿದವು. ಹಕ್ಕಿ ನಮ್ಮ ಮನೆಗೆ ನುಗ್ಗಿತೆನ್ನುವುದು ಅರ್ಧ ಸತ್ಯ. ಮನುಷ್ಯನ ಕಟ್ಟಡವೇ ಅದಕ್ಕೆ ಎಡೆ ತೋರಿಸಿದೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಮರಿಗಳಿರುವ ಸಂದಿಗೆ ಸಿಮೆಂಟ್ ಮೆತ್ತಿದರೆ ಒಳಗಿನ ಮರಿಗೆ ಬಂಧವಾಯಿತು. ತಾಯಿ ಹೊರಗೆ ಉಳಿದರೆ ಅನ್ನಪಾನನಿರೋಧವೂ ಆಯಿತು. ಗೂಡಿದೆಯೆಂದು ತಿಳಿದಿರಲಿಲ್ಲವೆಂಬ ಸಮಾಧಾನ ಸಾಲದು. ಪ್ರಮಾದದಿಂದ ಪ್ರಾಣಕ್ಕೆ ಒದಗುವ ಹಾನಿಯೇ ಹಿಂಸೆಯೆಂಬುದು ಅದೇ ಗ್ರಂಥದ ನಿಲುವು. ನೋಡದೆ ಮುಚ್ಚುವುದೇ ಪ್ರಮಾದ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ತನ್ನ ಪಟ್ಟಿಯಲ್ಲಿರುವ ಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡನ್ನು ಕದಡುವುದನ್ನೂ ಬೇಟೆಯೆಂದೇ ಎಣಿಸುತ್ತದೆ.

ಕಾಯುವುದು ಅವ್ಯವಹಾರಿಕವೆಂದು ಭಾವಿಸುವವರು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರನ್ನು ನೋಡಬೇಕು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆಯನ್ನು ಊರವರು ಗೊಬ್ಬರವಾಗಿ ಬಳಸಿದ್ದಾರೆ. ಮರದ ಒಡೆಯರಿಗಾಗುವ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರಧನ ನೀಡುತ್ತ ಬಂದಿದೆ. 2007ರಲ್ಲಿ ಆ ಗ್ರಾಮವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಷ್ಟು ದೊಡ್ಡ ಹಕ್ಕಿಗಳೊಡನೆ ಒಂದು ಊರೇ ಹೊಂದಿಕೊಂಡು ಬಾಳಿರುವಾಗ ಒಂದು ಜಗಲಿಗೆ ಅದು ಅಸಾಧ್ಯವಲ್ಲ.

ಬೇಕಾದ ಕಾಲವೂ ಹೆಚ್ಚಲ್ಲ. ಪಿಕಳಾರ, ಗುಬ್ಬಚ್ಚಿಗಳ ಮೊಟ್ಟೆಯೊಡೆದು ಮರಿ ಹಾರಲು ಸುಮಾರು ನಾಲ್ಕು ವಾರ ಸಾಕು. ಪಾರಿವಾಳಕ್ಕೆ ಕಾವಿನ ಅವಧಿಯೇ ಸುಮಾರು 18 ದಿನ. ಮರಿ ಹಾರಲು ಮತ್ತೆ ನಾಲ್ಕೈದು ವಾರ ಬೇಕು. ಅಷ್ಟು ದಿನ ಗೂಡಿನ ಕೆಳಗೆ ಹಳೆಯ ಕಾಗದ ಹಾಸಿ, ಆ ಬದಿಯ ಓಡಾಟ ಕಡಿಮೆ ಮಾಡಿದರೆ ಸಾಕು. ಮರಿ ಹಾರಿದ ಮೇಲೆ, ಗೂಡು ಬರಿದಾಗಿದೆಯೆಂದು ನೋಡಿ, ಸಂದು ಮುಚ್ಚಬಹುದು. ಇದಕ್ಕಿಂತ ಮೇಲಾದದ್ದು ಗೂಡಿಗೆ ಮೊದಲೇ ಎಡೆ ತಪ್ಪಿಸುವುದು. ಚಾತುರ್ಮಾಸ್ಯ ಮುಗಿದು ದೀಪಾವಳಿ ಕಳೆದ ಬಳಿಕ ದುರಸ್ತಿ ಮಾಡಿಸಬೇಕು. ಪಾರಿವಾಳ ಯಾವ ತಿಂಗಳಲ್ಲೂ ಮೊಟ್ಟೆಯಿಡುವುದರಿಂದ ಆಗಲೂ ಮೊದಲು ಪರೀಕ್ಷಿಸಬೇಕು. ಬಲೆ ಕಟ್ಟುವುದಾದರೆ ಸಡಿಲವಿರಬಾರದು. ಸಡಿಲ ಬಲೆಯಲ್ಲಿ ರೆಕ್ಕೆ, ಕಾಲು ಸಿಕ್ಕಿ ಹಕ್ಕಿ ಸಾಯುತ್ತದೆ. ಅಂಟು, ವಿಷಗಳ ಮಾತೇ ಬೇಡ.

ಬಸದಿಗಳ ಆಡಳಿತ ಮಂಡಳಿಗಳು ಗುತ್ತಿಗೆಯ ಕರಾರಿನಲ್ಲಿ ಒಂದು ಷರತ್ತನ್ನು ಬರೆಯಿಸಬೇಕು: ಗೂಡಿರುವೆಡೆಯ ಕೆಲಸ ಮರಿ ಹಾರಿದ ಮೇಲೆಯೇ ನಡೆಯತಕ್ಕದ್ದು. ಉತ್ಸವಕ್ಕೆ ಮುಂಚೆ ಸುಣ್ಣಬಣ್ಣ ಮುಗಿಯಬೇಕೆಂಬ ಅವಸರದಲ್ಲಿ ಈ ಮಾತು ಮರೆತುಹೋಗುತ್ತದೆ. ದೆಹಲಿಯ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಗಾಯಗೊಂಡ ಹಕ್ಕಿಗಳ ಆಸ್ಪತ್ರೆ ದಶಕಗಳಿಂದ ನಡೆಯುತ್ತಿರುವುದು ಸಮಾಜಕ್ಕೆ ಕೀರ್ತಿ ತಂದಿದೆ. ಆದರೆ ಚಿಕಿತ್ಸೆಯ ಪುಣ್ಯಕ್ಕಿಂತ ಗಾಯವಾಗದಂತೆ ನೋಡಿಕೊಳ್ಳುವ ಕರ್ತವ್ಯ ಮೊದಲಿನದು. ಮುನಿಗಳು ನಾಲ್ಕು ತಿಂಗಳು ನಿಲ್ಲುತ್ತಾರೆ; ಶ್ರಾವಕನು ಕೆಲವು ವಾರ ನಿಂತರೂ ಆತನ ವ್ರತ ಉಳಿಯುತ್ತದೆ.