ಮೂರು ಸೂರ್ಯರ ದ್ರಾಕ್ಷಿತೋಟ

ಸ್ವಿಟ್ಜರ್ಲೆಂಡ್‌ನ ಜಿನೀವಾ ಸರೋವರದ ಉತ್ತರ ದಂಡೆಯಲ್ಲಿ, ಲೋಸಾನ್ ನಗರದ ಪೂರ್ವಕ್ಕೆ, ಲಾವೋ ಎಂಬ ಕಡಿದಾದ ಗುಡ್ಡಸಾಲಿದೆ. ಅಲ್ಲಿನ ದ್ರಾಕ್ಷಿಗೆ ಮೂರು ಸೂರ್ಯರೆಂಬುದು ಬೆಳೆಗಾರರ ಮಾತು. ಒಬ್ಬ ಆಕಾಶದವನು; ಇನ್ನೊಬ್ಬ ಸರೋವರದಲ್ಲಿ ಪ್ರತಿಫಲಿಸುವವನು; ಮೂರನೆಯವನು ಹಗಲಿನ ಬಿಸಿಯನ್ನು ರಾತ್ರಿಗೆ ಉಳಿಸಿಕೊಡುವ ಕಲ್ಲುಗೋಡೆ.

ಈ ಗೋಡೆಗಳ ಇತಿಹಾಸ 11-12ನೇ ಶತಮಾನದ ಕ್ರೈಸ್ತ ಮಠಗಳಿಂದ ಆರಂಭವಾಗುತ್ತದೆ. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದದ್ದು ಆಗ. ಕಾಲಕ್ರಮದಲ್ಲಿ ಸಾಗುವಳಿ ಗೇಣಿದಾರರಿಗೆ, ಮುಂದೆ ಸಣ್ಣ ಕುಟುಂಬಗಳಿಗೆ ಬಂತು. ಇಂದು ಗೋಡೆಗಳ ಒಟ್ಟು ಉದ್ದ 400 ಕಿ.ಮೀ.ಗೂ ಹೆಚ್ಚು. ಮಳೆಗೆ ಕೊಚ್ಚಿಹೋದ ಮಣ್ಣನ್ನು ಹಿಂದಿನವರು ಬುಟ್ಟಿಯಲ್ಲಿ ತುಂಬಿ ಬೆನ್ನ ಮೇಲೆ ಮತ್ತೆ ಮೇಲಕ್ಕೆ ಹೊರುತ್ತಿದ್ದರು. ಕೊಯ್ಲು ಈಗಲೂ ಕೈಯಿಂದಲೇ. ಶಾಸ್ಲಾ ಎಂಬ ಬಿಳಿ ದ್ರಾಕ್ಷಿಯನ್ನು ಹಿಂಡಿ, ರಸವನ್ನು ಹುದುಗಲು ಬಿಟ್ಟು, ಚಳಿಗಾಲ ಕಳೆದ ಮೇಲೆ ಬಾಟಲಿಗೆ ತುಂಬುತ್ತಾರೆ.

20ನೇ ಶತಮಾನದಲ್ಲಿ ವೈನ್‌ಗಿಂತ ನಿವೇಶನಕ್ಕೇ ಬೆಲೆ ಬಂತು. ಸರೋವರ ಕಾಣುವ ಮನೆಗಳು ತೋಟಗಳನ್ನು ನುಂಗತೊಡಗಿದವು. ಪರಿಸರವಾದಿ ಫ್ರಾಂಜ್ ವೆಬರ್ ನಡೆಸಿದ ಹೋರಾಟದ ಫಲವಾಗಿ 1977ರಲ್ಲಿ ವೋ ಪ್ರಾಂತದ ಮತದಾರರು ಲಾವೋ ರಕ್ಷಣೆಗೆ ಒಪ್ಪಿಗೆಯಿತ್ತರು. 2007ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾನೂನು ಭೂಮಿಯನ್ನು ಉಳಿಸಿಕೊಟ್ಟಿದೆ. ಕುಸಿದ ಗೋಡೆಗೆ ಮತ್ತೆ ಕಲ್ಲು ಜೋಡಿಸುವ ಕೆಲಸ ಮಾತ್ರ ಇಂದಿಗೂ ಆಯಾ ಕುಟುಂಬದ ಪಾಲಿನದೇ.