ಶಾಸನದ ಓದು ಮತ್ತು ನೋಟದ ಕೋನ: ಹುಣಸೂರು ಸೀಮೆಯ ಕೆಲವು ನಿದರ್ಶನಗಳು

ಶಾಸನಗಳನ್ನು ಇತಿಹಾಸದ ಆಕರಗಳೆಂದು ಪರಿಗಣಿಸುವಾಗ ವಿದ್ವಾಂಸರ ಗಮನವು ಸಾಮಾನ್ಯವಾಗಿ ಅವುಗಳ ಕಾಲ, ಲಿಪಿ ಮತ್ತು ಪಾಠಗಳ ಮೇಲೆ ನೆಲೆಗೊಳ್ಳುತ್ತದೆ. ಆದರೆ ಶಿಲಾಶಾಸನವು ಮೂಲತಃ ಜನರ ಎದುರಿಗೆ ನಿಲ್ಲಿಸಿದ ಬರಹವಾಗಿದೆ. ಅದು ಎಷ್ಟು ಎತ್ತರದಲ್ಲಿದೆ, ಯಾವ ದಿಕ್ಕಿಗೆ ಮುಖಮಾಡಿದೆ, ಓದುವವನು ಎಲ್ಲಿ ನಿಲ್ಲಬೇಕಾಗುತ್ತದೆ ಎಂಬ ಸಂಗತಿಗಳು ಅದರ ಓದನ್ನೂ, ತನ್ಮೂಲಕ ಅದರಿಂದ ರೂಪುಗೊಳ್ಳುವ ಇತಿಹಾಸವನ್ನೂ ನಿಯಂತ್ರಿಸುತ್ತವೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಯ ಶಾಸನಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದಾಗಿದೆ.

ಗಂಗರು, ಚೋಳರು, ಚಂಗಾಳ್ವರು, ಹೊಯ್ಸಳರು, ವಿಜಯನಗರದ ಅರಸರು ಮತ್ತು ಮೈಸೂರು ಒಡೆಯರ ಆಳ್ವಿಕೆಯನ್ನು ಕಂಡ ಈ ಸೀಮೆಯ ಬಹುಪಾಲು ಶಾಸನಗಳು ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 4ನೆಯ ಸಂಪುಟದಲ್ಲಿ 1898ರಲ್ಲಿ ಬೆಳಕು ಕಂಡವು. ಇಂದಿನ ಕೃಷ್ಣರಾಜನಗರವು ಅಂದು ಎಡತೊರೆ ತಾಲ್ಲೂಕಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಈ ಮಾಲೆಯ ಪರಿಷ್ಕೃತ ಸಂಪುಟಗಳನ್ನು ಹೊರತರಲಾರಂಭಿಸಿತು.

ಎಡತೊರೆ ತಾಲ್ಲೂಕಿಗೆ ಸೇರಿದ್ದ ಚಿಕ್ಕ ಹನಸೋಗೆಯ ಆದಿನಾಥ ಬಸದಿ ಇಲ್ಲಿ ಮೊದಲ ನಿದರ್ಶನ. ಮೂರು ಗರ್ಭಗೃಹಗಳುಳ್ಳ ಈ ತ್ರಿಕೂಟ ಬಸದಿಯ ಬಾಗಿಲವಾಡಗಳ ಮೇಲೆ ಶಾಸನಗಳಿವೆ. ಬಸದಿಯ ಮೂಲವನ್ನು ಇವು ದಶರಥನ ಮಗನಾದ ರಾಮನಿಗೆ ಜೋಡಿಸುತ್ತವೆ. 11ನೆಯ ಶತಮಾನದ ರಾಜೇಂದ್ರಚೋಳ ನನ್ನಿ ಚಂಗಾಳ್ವನು ಅದನ್ನು ಮತ್ತೆ ಕಟ್ಟಿಸಿದ ವಿಚಾರವೂ ಇವುಗಳಿಂದ ತಿಳಿದುಬರುತ್ತದೆ. ಬಾಗಿಲಿನ ಮೇಲಿನ ಬರಹವು ಒಳಬರುವವರೆಲ್ಲರ ಕಣ್ಣಿಗೆ ಬೀಳುತ್ತದೆ. ಆದರೆ ಕಣ್ಣಿಗೆ ಬೀಳುವುದು ಬೇರೆ, ಓದಲು ಬರುವುದು ಬೇರೆ.

ಕಣ್ಣಿನ ಮಟ್ಟದಿಂದ 3 ಅಡಿ ಮೇಲಿರುವ ಸಾಲನ್ನು ಗೋಡೆಯಿಂದ 1 ಅಡಿ ದೂರದಲ್ಲಿ ನಿಂತು ನೋಡಿದರೆ, ಅಕ್ಷರದ ಎತ್ತರವು ಅಗಲಕ್ಕೆ ಹೋಲಿಸಿದಾಗ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆಯಾಗಿ ಕುಗ್ಗಿ ತೋರುತ್ತದೆ. 3 ಅಡಿ ದೂರಕ್ಕೆ ಸರಿದರೆ ಹತ್ತರಲ್ಲಿ ಏಳು ಪಾಲಿನಷ್ಟು ಉಳಿಯುತ್ತದೆ. ಇನ್ನೂ ಹಿಂದೆ ಸರಿದಂತೆ ಕುಗ್ಗುವಿಕೆ ತಗ್ಗಿದರೂ ದೂರ ಹೆಚ್ಚಿದುದರಿಂದ ಅಕ್ಷರವೇ ಚಿಕ್ಕದಾಗುತ್ತದೆ. ಬರಹವು ಕಣ್ಣಿನಿಂದ ಎಷ್ಟು ಮೇಲಿದೆಯೋ ಅಷ್ಟೇ ದೂರದಲ್ಲಿ ನಿಂತಾಗ ಅಕ್ಷರದ ಎತ್ತರವು ಕಣ್ಣಿಗೆ ಗರಿಷ್ಠವಾಗಿ ಗೋಚರಿಸುತ್ತದೆ ಎಂಬುದು ಈ ಲೆಕ್ಕದಿಂದ ಹೊರಡುವ ನಿಯಮ.

ಈ ಕುಗ್ಗುವಿಕೆಯು ಕನ್ನಡ ಲಿಪಿಯನ್ನು ವಿಶೇಷವಾಗಿ ಬಾಧಿಸುತ್ತದೆ. ಗುಡಿಸು, ಏತ್ವಗಳು ಅಕ್ಷರದ ಮೇಲ್ಭಾಗದಲ್ಲಿಯೂ ಒತ್ತಕ್ಷರಗಳು ಕೆಳಭಾಗದಲ್ಲಿಯೂ ಬರುವುದರಿಂದ ಅರ್ಥಭೇದವು ಬಹುಮಟ್ಟಿಗೆ ಎತ್ತರದ ದಿಕ್ಕಿನಲ್ಲಿಯೇ ಅಡಗಿದೆ. ಕೆಳಗಿನಿಂದ ನೋಡುವಾಗ ಬರಹದ ತಳದಲ್ಲಿ ಮುಂಚಾಚಿದ ಪಟ್ಟಿಕೆಯಿದ್ದರೆ ಒತ್ತಕ್ಷರವೇ ಮರೆಯಾಗುತ್ತದೆ. ಪದಗಳ ನಡುವೆ ತೆರಪು ಬಿಡದೆ ಸಾಲುಗಳನ್ನು ಒತ್ತೊತ್ತಾಗಿ ಬರೆಯುವ ಶಾಸನಪದ್ಧತಿಯಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ.

ಬೆಳಕಿನ ಕೋನವೂ ಇಷ್ಟೇ ಮುಖ್ಯವಾದುದು. ಕೊರೆದ ಅಕ್ಷರಕ್ಕೆ ಬಣ್ಣವಿಲ್ಲ. ನೆರಳೇ ಅದರ ಮಸಿ. ಪೂರ್ವಾಭಿಮುಖವಾದ ಕಲ್ಲಿನ ಮೇಲೆ ಉದಯದ ಬಿಸಿಲು ನೇರವಾಗಿ ಬಿದ್ದು ಅಕ್ಷರಗಳು ಮಂಕಾಗುತ್ತವೆ. ಹೊತ್ತೇರಿ ಬಿಸಿಲು ಮೇಲಿನಿಂದ ಓರೆಯಾದಾಗ ಅವೇ ಸ್ಫುಟವಾಗುತ್ತವೆ.

ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ ಶಾಸನವು ಇನ್ನೊಂದು ಬಗೆಯ ನಿದರ್ಶನ. ಗಂಡನಾದ ಏಚನು ಮಡಿದ ಸುದ್ದಿ ಕೇಳಿ ದೇಕಬ್ಬೆಯು ಅಗ್ನಿಪ್ರವೇಶ ಮಾಡಿದುದನ್ನು ನಿರೂಪಿಸುವ ಕ್ರಿ.ಶ. 1057ರ ಈ ಬರಹವು ಕಾವ್ಯಗುಣಕ್ಕೆ ಹೆಸರಾಗಿದೆ. ಪದ್ಯರೂಪದ ಶಾಸನದಲ್ಲಿ ಅಕ್ಷರವೊಂದು ಮಾಸಿದರೂ ಛಂದಸ್ಸಿನ ಗಣ ಮತ್ತು ಪ್ರಾಸಗಳು ಓದುಗನಿಗೆ ನೆರವಾಗುತ್ತವೆ. ಗದ್ಯದ ದಾನಶಾಸನಕ್ಕೆ ಈ ಆಸರೆ ಇಲ್ಲ. ಅಲ್ಲಿ ಬರುವ ಊರಿನ ಹೆಸರು, ಎಲ್ಲೆ, ಭೂಮಿಯ ಅಳತೆಗಳನ್ನು ಊಹೆಯಿಂದ ತುಂಬಲಾಗದು. ಚರಿತ್ರಕಾರನಿಗೆ ಅತ್ಯಂತ ಬೇಕಾದ ಭಾಗವೇ ತಪ್ಪು ಓದಿಗೆ ಅತ್ಯಂತ ಸುಲಭವಾಗಿ ಗುರಿಯಾಗುತ್ತದೆ ಎಂಬುದು ಗಮನಾರ್ಹ.

ಶಾಸನವನ್ನು ಹಾಕಿಸಿದವರಿಗೆ ಈ ಮಿತಿಗಳ ಅರಿವಿರಲಿಲ್ಲವೆಂದು ಹೇಳಲಾಗದು. ದಾನಶಾಸನಗಳ ನೆತ್ತಿಯಲ್ಲಿ ಕಾಣುವ ಸೂರ್ಯಚಂದ್ರರು, ಲಿಂಗ, ಹಸುಕರುಗಳು, ಮಾಸ್ತಿಕಲ್ಲಿನ ಬಳೆ ತೊಟ್ಟ ತೋಳು, ವೀರಗಲ್ಲಿನ ಹಂತಹಂತದ ಶಿಲ್ಪಗಳು ಇವೆಲ್ಲ ದೂರದಿಂದಲೂ ಓರೆಯಿಂದಲೂ, ಅಕ್ಷರ ಬಾರದವರಿಗೂ ತಿಳಿಯುವಂತಹವು. ದೂರದ ನೋಟಕ್ಕೆ ಚಿತ್ರ, ಹತ್ತಿರದ ನೋಟಕ್ಕೆ ಅಕ್ಷರ ಎಂಬ ಎರಡು ಹಂತದ ವಿನ್ಯಾಸ ಇಲ್ಲಿ ಕಂಡುಬರುತ್ತದೆ.

ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ಬಡಿದು, ಮಸಿ ಲೇಪಿಸಿ ತೆಗೆಯುವ ಪಡಿಯಚ್ಚು ಶಾಸನವನ್ನು ಎತ್ತರ, ಬೆಳಕು, ಕೋನಗಳಿಂದ ಬಿಡಿಸಿ ಮೇಜಿನ ಮೇಲೆ ಸಮತಟ್ಟಾಗಿ ಇರಿಸಿತು. ಮುದ್ರಿತ ಸಂಪುಟಗಳು ಸಾಧ್ಯವಾದದ್ದು ಇದರಿಂದಲೇ. ಆದರೆ ಇದೇ ಕ್ರಮದಲ್ಲಿ, ಆ ಬರಹವು ಯಾರಿಗೆ, ಎಲ್ಲಿಂದ, ಎಷ್ಟು ಓದಲು ಬರುತ್ತಿತ್ತೆಂಬ ಮಾಹಿತಿಯು ಕಳಚಿಹೋಗುತ್ತದೆ. ಸಂಪುಟಗಳು ಶಾಸನವಿರುವ ಸ್ಥಳವನ್ನು ಸೂಚಿಸುತ್ತವೆಯಾದರೂ ಕಣ್ಣಿನ ಮಟ್ಟದಿಂದ ಅದರ ಎತ್ತರ, ಮುಖದ ದಿಕ್ಕು, ಅಕ್ಷರದ ಅಳತೆಗಳು ಪಾಠದಷ್ಟು ಕ್ರಮಬದ್ಧವಾಗಿ ದಾಖಲಾಗಿಲ್ಲ.

ಜೀರ್ಣೋದ್ಧಾರದ ವೇಳೆ ಕಲ್ಲುಗಳನ್ನು ಕಿತ್ತು ಬೇರೆಡೆ ನಿಲ್ಲಿಸುವುದು, ಬುಡವನ್ನು ಸಿಮೆಂಟಿನಲ್ಲಿ ಹೂಳುವುದು, ಸುಣ್ಣ ಬಣ್ಣಗಳನ್ನು ಬಳಿಯುವುದು ನಡೆದಾಗ ಈ ಮಾಹಿತಿಯು ಮರಳಿ ಪಡೆಯಲಾಗದಂತೆ ನಷ್ಟವಾಗುತ್ತದೆ. ಕೊನೆಯ ಸಾಲುಗಳು ನೆಲದಲ್ಲಿ ಹೂತುಹೋದರೆ ಶಾಪಾಶಯದೊಡನೆ ಬರೆದವನ ಮತ್ತು ಕಂಡರಿಸಿದವನ ಹೆಸರುಗಳೂ ಮರೆಯಾಗಬಹುದು. ಆದುದರಿಂದ ಮುಂದಿನ ಕ್ಷೇತ್ರಕಾರ್ಯದಲ್ಲಿ ಪಾಠದ ಜೊತೆಗೆ ಶಾಸನದ ನೆಲೆ, ಎತ್ತರ, ದಿಕ್ಕುಗಳನ್ನೂ ಅಳೆದು ದಾಖಲಿಸುವುದು ಅಗತ್ಯ. ಶಾಸನವು ಏನು ಹೇಳುತ್ತದೆ ಎಂಬುದರೊಂದಿಗೆ ಅದು ಯಾರಿಗೆ ಕೇಳಿಸುವಂತೆ ಹೇಳಿತು ಎಂಬುದನ್ನೂ ತಿಳಿಯಲು ಇದು ಅವಶ್ಯಕವಾದ ಸಾಧನ.